ಕೊಪ್ಪರಿಗೆ ತೊಳೆಯುವ ದೊಡ್ಡಣ್ಣ

ಬಣ್ಣದ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ದೊಡ್ಡಣ್ಣ ಎನ್ನುತ್ತಿದ್ದರು. ರಾಸಾಯನಿಕ ಬೇಯುವ ಉಕ್ಕಿನ ಕೊಪ್ಪರಿಗೆಗೆ ಇಳಿದು ತಳ ತಿಕ್ಕಿ ತೊಳೆಯುವುದು ಅವನ ಕೆಲಸ. ತೊಳೆದಾದ ಮೇಲೆ ಬಿಳಿ ಬಟ್ಟೆಯಿಂದ ಒಳಮೈ ಒರೆಸಿ, ಆ ಬಟ್ಟೆಯನ್ನು ಏಣಿಗೆ ಕಟ್ಟುತ್ತಿದ್ದ. ಬಟ್ಟೆ ಕಟ್ಟಿದೆಯೆಂದರೆ ಮೇಸ್ತ್ರಿಯೂ ಒಳಗೆ ಇಣುಕುತ್ತಿರಲಿಲ್ಲ. ಮನೆಯಲ್ಲಿ ಕುಡಿದ ಲೋಟ ಎತ್ತಿಡದ ಮನುಷ್ಯನಿಗೆ ಅಲ್ಲಿ ಇಷ್ಟು ಮರ್ಯಾದೆಯೇ ಎಂದು ಹೆಂಡತಿ ಮೂಗು ಮುರಿಯುತ್ತಿದ್ದಳು.

ಆ ಕೊಪ್ಪರಿಗೆಗೆ ಕಬ್ಬಿಣದ ಪುಡಿ, ಆಮ್ಲ ಸುರಿದು ಬಣ್ಣದ ಮೂಲವಸ್ತು ಮಾಡುತ್ತಿದ್ದರು. ಬಣ್ಣಕ್ಕಿಂತ ಕರಿ ರಾಡಿಯೇ ಹೆಚ್ಚು ಹೊರಬೀಳುತ್ತಿತ್ತು. ಅದನ್ನು ಗಾಡಿಗೆ ತುಂಬಿ ಹಿಂದಿನ ಹಳ್ಳಕ್ಕೆ ಸುರಿಯುವವನು ದೊಡ್ಡಣ್ಣನ ಒಡಹುಟ್ಟಿದ ತಮ್ಮ. ಅವನ ಉಗುರುಗಳು ಕಂದಿ ಉದುರಿದ್ದವು. ಹಳ್ಳದ ಕೆಳಗಿನ ಬಾವಿಗಳ ನೀರನ್ನು ಯಾರೂ ಬಾಯಿಗೆ ಹಾಕುತ್ತಿರಲಿಲ್ಲ.

ಹೀಗಿರುವಾಗ ಪ್ರಯೋಗಶಾಲೆಯ ಮೇಡಂ ಬೇರೆ ದಾರಿ ಕಂಡುಕೊಂಡು ಬಂದರು. ಕಬ್ಬಿಣವೂ ಬೇಡ, ಆಮ್ಲವೂ ಬೇಡ. ಕೊಪ್ಪರಿಗೆಗೆ ಬಿಗಿ ಮುಚ್ಚಳ ಹಾಕಿಸಿ, ಸೋಸಿ ಮತ್ತೆ ಬಳಸಬಹುದಾದ ಒಂದು ಪುಡಿಯ ಜೊತೆ ಹೈಡ್ರೋಜನ್ ಬಿಟ್ಟರಾಯಿತು, ರಾಡಿಯ ಬದಲು ನೀರು ಉಳಿಯುತ್ತದೆ. ಆದರೆ ಹಳೆಯ ಕೊಳೆ ಚೂರು ಸೋಕಿದರೂ ಆ ಪುಡಿ ಕೆಲಸ ಬಿಡುತ್ತದೆ ಎಂದರು. ಒಂದು ಸಲ ಮಾಡಿ ನೋಡಲು ಯಜಮಾನರು ಒಪ್ಪಿದರು. ಕೆಟ್ಟರೆ ಮತ್ತೆ ಆ ಮಾತೆತ್ತಬಾರದು ಎಂದರು.

ಆ ಪರೀಕ್ಷೆಯ ಹಿಂದಿನ ಸಂಜೆ ತಮ್ಮ ಅಣ್ಣನ ಪಕ್ಕದಲ್ಲಿ ಬಂದು ಕುಳಿತ.

"ಅಣ್ಣಾ, ನಾಳೆ ತಳ ಸ್ವಲ್ಪ ಹಾಗೇ ಬಿಡು. ಬಟ್ಟೆ ಕಟ್ಟಿದ್ರೆ ಯಾರು ನೋಡ್ತಾರೆ? ರಾಡಿ ನಿಂತ್ರೆ ನನ್ನ ಗಾಡಿನೂ ನಿಲ್ಲುತ್ತೆ."

ದೊಡ್ಡಣ್ಣ ತಮ್ಮನ ಉಗುರಿಲ್ಲದ ಬೆರಳುಗಳನ್ನೇ ನೋಡಿದ. ತಾಯಿ ಹೋದ ಮೇಲೆ ಸೊಂಟದ ಮೇಲೆ ಹೊತ್ತು ಸಾಕಿದ ತಮ್ಮ. ಬಾಯಿಬಿಟ್ಟು ಏನನ್ನೂ ಕೇಳಿದವನಲ್ಲ.

ಮರುದಿನ ಕೊಪ್ಪರಿಗೆಯ ತಳದಲ್ಲಿ ದೊಡ್ಡಣ್ಣ ಬಹಳ ಹೊತ್ತು ಕುಕ್ಕರುಗಾಲಲ್ಲಿ ಕುಳಿತಿದ್ದ. ಕಲಕುವ ಕೋಲಿನ ಬುಡಕ್ಕೆ ಕರಿ ಹಕ್ಕಳೆ ಅಂಟಿತ್ತು. ಪುಡಿ ಕೆಡಲು ಅದೊಂದನ್ನು ಕೆತ್ತದೆ ಬಿಟ್ಟರೆ ಸಾಕಿತ್ತು. ಕೊನೆಗೆ ಉಳಿ ಕೈಗೆತ್ತಿಕೊಂಡ. ಹಕ್ಕಳೆ ಕೆತ್ತಿ, ತೊಳೆದು, ಒರೆಸಿ, ಬಟ್ಟೆ ಕಟ್ಟಿ ಮೇಲೆ ಬಂದ.

ಹೊಸ ಕ್ರಮ ಕೈಹಿಡಿಯಿತು. ಕಾರ್ಖಾನೆಯಲ್ಲಿ ಮೊದಲು ನಿಂತದ್ದು ರಾಡಿಗಾಡಿ.

ತಮ್ಮ ಮನೆಬಾಗಿಲಿಗೆ ಬಂದ, ಒಳಗೆ ಕಾಲಿಡಲಿಲ್ಲ.

"ನನಗೋಸ್ಕರ ಒಂದು ಸುಳ್ಳು ಹೇಳೋಕಾಗ್ಲಿಲ್ವಾ ಅಣ್ಣಾ?"

"ಸುಳ್ಳು ಎಷ್ಟು ಬೇಕಾದ್ರೂ ಹೇಳ್ತಿದ್ದೆ ಕಣೋ. ನಿನ್ನ ಕೈ ನೋಡಿದ್ಮೇಲೆ ಕೊಳೆ ಹಾಗೇ ಬಿಡೋಕೆ ನನ್ನ ಕೈ ಬರಲಿಲ್ಲ."

"ಕೈ ನೆಟ್ಟಗಿದ್ದು ಹೊಟ್ಟೆಗೇನು ತಿನ್ಲಿ?"

ಅಷ್ಟು ಹೇಳಿ ತಮ್ಮ ಹೊರಟುಹೋದ.

ತಮ್ಮ ಹೊಳೆಯಾಚೆಯ ಇನ್ನೊಂದು ಬಣ್ಣದ ಕಾರ್ಖಾನೆಗೆ ಸೇರಿದ. ಅಲ್ಲಿ ಹಳೆಯ ಪದ್ಧತಿಯೇ ನಡೆಯುತ್ತಿತ್ತು. ಅಲ್ಲಿಯೂ ಅವನಿಗೆ ಸಿಕ್ಕಿದ್ದು ರಾಡಿ ಹೊರುವ ಕೆಲಸವೇ. ಸುದ್ದಿ ಕೇಳಿದ ದಿನವೇ ದೊಡ್ಡಣ್ಣ ಪ್ರಯೋಗಶಾಲೆಗೆ ಹೋದ. ಆ ಕಾರ್ಖಾನೆಗೂ ನಿಮ್ಮ ಪುಡಿ ಕೊಡಬಾರದೇ ಎಂದು ಮೇಡಂ ಅವರನ್ನು ಕೇಳಿದ. ಅಲ್ಲಿಯ ಯಜಮಾನರೇ ಕರೆದರೆ ಸಂತೋಷವಾಗಿ ಹೋಗುತ್ತೇನೆ ಎಂದರು ಅವರು.

ವಾರದ ರಜೆಯಂದು ದೊಡ್ಡಣ್ಣ ಒಗೆದ ಅಂಗಿ ತೊಟ್ಟು ಹೊಳೆ ದಾಟಿದ. ಆ ಕಾರ್ಖಾನೆಯ ಕಾವಲುಗಾರ ತಡೆದು, ಮುಖದ ಹೋಲಿಕೆ ಕಂಡು, ಯಾರನ್ನು ನೋಡಬೇಕು, ತಮ್ಮನನ್ನಾ ಎಂದು ಕೇಳಿದ.

"ಅವನನ್ನಲ್ಲ," ಎಂದ ದೊಡ್ಡಣ್ಣ. "ಯಜಮಾನರನ್ನ. ಕಾಯ್ತೀನಿ."