ಬಿಸಿಲಿಗ್ಯಾಕೆ ಅವಸರ?

“ಬಿಸಿಲಿಗ್ಯಾಕ್ರಿ ಅಷ್ಟು ಅವಸರ ಮಾಡಬೇಕು, ಟೀಚರ್? ನಮ್ಮ ರಾಯಚೂರಾಗ ಅದು ಎಲ್ಲಿಗೂ ಹೋಗಂಗಿಲ್ಲಲ್ರಿ” ಎಂದಳು ಮುಂದಿನ ಬೆಂಚಿನ ಹುಡುಗಿ. ತರಗತಿಯೆಲ್ಲ ನಕ್ಕಿತು.

ಕೆಲಸ ಕೇಳಿಕೊಂಡು ದೇವದುರ್ಗದಿಂದ ಆ ಖಾಸಗಿ ಶಾಲೆಗೆ ಬಂದಿದ್ದ ನಾನು ಮಾದರಿ ಪಾಠ ಮಾಡುತ್ತಿದ್ದೆ. ಅಂದಿನ ಪಾಠ ‘ಮೇಕ್ ಹೇ ವೈಲ್ ದ ಸನ್ ಶೈನ್ಸ್’ ಎಂಬ ಗಾದೆ; ಬಿಸಿಲು ಹೋಗುವುದರೊಳಗೆ ಹುಲ್ಲು ಒಣಗಿಸಿಕೊಳ್ಳುವ ಇಂಗ್ಲೆಂಡಿನ ರೈತರ ಅವಸರದಿಂದ ಹುಟ್ಟಿದ್ದು. ಸಿಕ್ಕ ಅವಕಾಶ ಬಿಡಬಾರದೆಂದು ಅರ್ಥ ಹೇಳಿದ್ದೆ. ಹುಡುಗಿಯ ಪ್ರಶ್ನೆಗೆ ಅದೇ ಅರ್ಥವನ್ನು ತಡವರಿಸುತ್ತ ಮತ್ತೊಮ್ಮೆ ಹೇಳಿದೆ; ನಗು ನಿಲ್ಲಲಿಲ್ಲ. ಹಿಂದೆ ಕೂತಿದ್ದ ಆಡಳಿತ ಮಂಡಳಿಯವರತ್ತ ನೋಡಿದೆ.

ಅವರಲ್ಲೊಬ್ಬರು, ಅಕ್ಕಿ ಗಿರಣಿ ನಡೆಸುವ ಹಿರಿಯರು, ನಿಧಾನಕ್ಕೆ ಎದ್ದರು. “ಯವ್ವಾ, ರಸ್ತಾದಾಗ ನೆಲ್ಲು ಹರವಿದಾಗ ಮೋಡ ಆದ್ರ ಮನ್ಯಾಗ ಏನ್ ಮಾಡ್ತಾರಂತ ಕೇಳವ್ವ ಆಕಿನ್ನ.”

ಕೇಳಿದೆ. ಅವಳಿಗಿಂತ ಮೊದಲು ಅರ್ಧ ತರಗತಿಯೇ ಎದ್ದು ನಿಂತಿತು. ಓಡುವುದು, ಹರವಿದ ಭತ್ತ ಬಳಿದು ರಾಶಿ ಮಾಡುವುದು, ತಾಡಪಾಲು ಹೊದಿಸುವುದು, ಎಲ್ಲವನ್ನೂ ಒಟ್ಟಿಗೇ ಹೇಳತೊಡಗಿದರು. ಉಳಿದ ಪಾಠವನ್ನು ಮಕ್ಕಳೇ ಮುಗಿಸಿದರು.

ಕೆಲಸ ಸಿಕ್ಕಿತು. ನನ್ನನ್ನು ಪರೀಕ್ಷಿಸಲೆಂದು ಕೂತಿದ್ದ ಆ ಹಿರಿಯರು ನನಗಾಗಿ ಎದ್ದು ನಿಂತಿದ್ದನ್ನು ಮರೆತಿಲ್ಲ. ಈಗ ಯಾವ ಮಗು ತಡವರಿಸಿದರೂ ನಾನು ಉತ್ತರ ಹೇಳಿಕೊಡುವುದಿಲ್ಲ. ಅವರಂತೆಯೇ, ಆ ಮಗುವಿಗೆ ಗೊತ್ತಿರುವುದನ್ನೇ ಏನಾದರೂ ಕೇಳುತ್ತೇನೆ.