ಬರ್ತೇನ್ರಿ ಎಂದು ಹೋದವಳು

ಬಾಗಲಕೋಟೆಯ ಸಭಾಂಗಣವೊಂದರಲ್ಲಿ, ಸಣ್ಣಪುಟ್ಟ ಉದ್ಯೋಗ ನಡೆಸುವ ಹೆಂಗಸರ ಎದುರು ಮೈಕ್ ಹಿಡಿದು ನಿಂತು, "ನನ್ನ ಕಡೆ ಕೆಲಸಕ್ಕೆ ಬಂದ ಒಬ್ಬ ಹೆಣ್ಣುಮಗಳೂ ಇವತ್ತಿನ ತನಕ ಬಿಟ್ಟು ಹೋದದ್ದಿಲ್ಲ" ಎಂದು ಹೇಳಿ ಬಂದಿದ್ದೆ. ಚಪ್ಪಾಳೆ ಬಿದ್ದಿತ್ತು. ಶಾಲು ಹೊದಿಸಿದ್ದರು. ಮರುದಿನ ಬೆಳಿಗ್ಗೆ ಹುನಗುಂದದಲ್ಲಿ ನನ್ನ ರೊಟ್ಟಿ ಕೇಂದ್ರದ ಬಾಗಿಲು ತಳ್ಳಿ ಒಳಗೆ ಕಾಲಿಟ್ಟರೆ, ಕಿಟಕಿ ಪಕ್ಕದ ದೊಡ್ಡ ಒಲೆ ತಣ್ಣಗಿತ್ತು.

ಆ ಒಲೆ ದೊಡ್ಡವ್ವನದು. ನನ್ನಲ್ಲಿ ಖಡಕ್ ರೊಟ್ಟಿ ಬಡಿಯುವ ಹೆಂಗಸರಲ್ಲೆಲ್ಲ ಹಿರಿಯಳು ಅವಳು, ಅದಕ್ಕೇ ಎಲ್ಲರ ಬಾಯಲ್ಲೂ ದೊಡ್ಡವ್ವ. ನಾನು ಬಸ್ ನಿಲ್ದಾಣದ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ರೊಟ್ಟಿ ಮಾರುತ್ತಿದ್ದ ಕಾಲದಿಂದ ಜೊತೆಗಿದ್ದವಳು. ದಿನಾ ಕಮತಗಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದಳು. ಅವಳು ಬಡಿದ ರೊಟ್ಟಿಯನ್ನು ಬೆಳಕಿಗೆ ಹಿಡಿದರೆ ಆ ಕಡೆಯ ಬೆರಳು ಕಾಣಬೇಕು, ಅಷ್ಟು ತೆಳುವು. ಬಾದಾಮಿಯಲ್ಲಿ ಗುಹೆ ನೋಡಲು ಬರುವವರಿಗೆ ಊಟ ಹಾಕುವ ಖಾನಾವಳಿಯವರು ನನ್ನ ರೊಟ್ಟಿಯನ್ನೇ ಬೇಕೆನ್ನುವುದು ಅವಳ ಕೈಯಿಂದಾಗಿ.

"ದೊಡ್ಡವ್ವ ಎಲ್ಲಿ?" ಎಂದೆ.

ಎಲ್ಲರೂ ತಲೆ ತಗ್ಗಿಸಿ ರೊಟ್ಟಿ ಬಡಿಯುತ್ತಲೇ ಇದ್ದರು. ಕೊನೆಗೆ ಇಳಕಲ್ಲಿನಿಂದ ಮದುವೆಯಾಗಿ ನಮ್ಮೂರಿಗೆ ಬಂದ ಹುಡುಗಿ, ಎಂಥವರ ಎದುರೂ ಬಾಯಿ ಕಟ್ಟಿಕೊಳ್ಳದವಳು, ಹಿಟ್ಟಿಗೆ ಎಸರು ಹಾಕುತ್ತಾ ಹೇಳಿದಳು.

"ಆಕಿ ಬರೂದಿಲ್ರಿ."

"ಇವತ್ತ?"

"ಇನ್ನ್ ಮ್ಯಾಲ."

"ಯಾರ್ ಹೇಳಿದ್ರು ನಿನಗ?"

"ನನಗ್ಯಾಕ ಹೇಳ್ತಾಳ್ರಿ? ನಿಮಗಽ ಹೇಳಿ ಹೋದ್ಲಲ್ಲ, ಅಕ್ಕಾರ. ಕುಂಕುಮ ಹಚ್ಚಿಸ್ಕೊಂಡು."

ನಾನು ದೇವರ ಗೂಡಿನ ಕಡೆ ತಿರುಗಿ ನೋಡಿದೆ.

ಹಿಂದಿನ ಸಂಜೆ ನಡೆದದ್ದು ಇಷ್ಟು. ಬಾಗಲಕೋಟೆಯಿಂದ ಇಳಿದವಳೇ ಶಾಲನ್ನೂ ತೆಗೆಯದೆ ಕೇಂದ್ರಕ್ಕೆ ಬಂದಿದ್ದೆ. ಜೋಳದ ವ್ಯಾಪಾರಿಯ ಫೋನ್ ಬಂದಿತ್ತು. ಅವನು ಬೆಲೆ ಏರಿಸುತ್ತಿದ್ದ, ನಾನು ಇಳಿಸುತ್ತಿದ್ದೆ. ಆಗ ದೊಡ್ಡವ್ವ ಎದುರು ಬಂದು ನಿಂತು, "ಕುಂಕುಮ ಹಚ್ಚಿಬಿಡ್ರಿ ಅಕ್ಕಾರ, ಬರ್ತೇನ್ರಿ" ಎಂದಳು. ನಾನು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡು, ದೇವರ ಗೂಡಿನಲ್ಲಿದ್ದ ಕುಂಕುಮದ ಬಟ್ಟಲಿಗೆ ಬೆರಳದ್ದಿ ಅವಳ ಹಣೆಗೆ ಹಚ್ಚಿದೆ. "ಹೂಂ, ಬಾ" ಎಂದೆ. ಮತ್ತೆ ಜೋಳದ ಮಾತಿಗೆ ತಿರುಗಿದೆ.

ನಮ್ಮ ಕಡೆ ಯಾರೂ ಹೊರಡುವಾಗ "ಹೋಗ್ತೇನಿ" ಎನ್ನುವುದಿಲ್ಲ. ಬಾಡಿಗೆ ಮನೆ ಖಾಲಿ ಮಾಡಿ ಊರು ಬಿಡುವವರೂ "ಬರ್ತೇವಿ" ಎಂದೇ ಲಾರಿ ಹತ್ತುತ್ತಾರೆ. ಹಾಗಾಗಿ ಆ ಮಾತಿನಲ್ಲಿ ತಿಳಿಯುವಂಥದ್ದು ಏನೂ ಇರಲಿಲ್ಲ. ತಿಳಿಯಬೇಕಾದದ್ದು ಕುಂಕುಮದಲ್ಲಿತ್ತು. ಮನೆಗೆ ಬಂದ ಹೆಣ್ಣುಮಗಳು ಹೊರಟು ನಿಂತಾಗ ಹಚ್ಚುವುದು ಕುಂಕುಮ. ದಿನಾ ಕೆಲಸ ಮುಗಿಸಿ ಹೋಗುವವಳು ಅದನ್ನು ಕೇಳುತ್ತಾಳೆಯೇ? ಇಷ್ಟು ವರ್ಷಗಳಲ್ಲಿ ಒಂದು ಸಂಜೆಯೂ ಕೇಳಿರಲಿಲ್ಲ. ಅವಳು ನನ್ನೆದುರು ನಿಂತು ಕೆಲಸ ಬಿಟ್ಟಿದ್ದಳು. ನಾನು ನನ್ನ ಕೈಯಾರೆ ಬೀಳ್ಕೊಟ್ಟಿದ್ದೆ.

"ನಿಮಗೆಲ್ಲಾ ಗೊತ್ತಿತ್ತಲ್ಲ, ಒಬ್ಬಾಕೆರ ನನಗ ಹೇಳಬಾರದೇನ?" ಎಂದು ಕೂಗಿದೆ.

"ಏನಂತ ಹೇಳೂದ್ರಿ?" ಎಂದಳು ಇಳಕಲ್ಲಿನವಳು. "ನೀವು ಒಂದ್ ಮಾತೂ ಕೇಳ್ದಽ ಹಚ್ಚಿ ಕಳ್ಸೀದ್ರಿ. ಅಕ್ಕಾರೇ ಬ್ಯಾಡಂದ್ರು ಅಂತ ತಿಳ್ಕೊಂಡ್ವಿ. ದೊಡ್ಡವ್ವನ್ನಽ ಹಿಂಗ ಕಳ್ಸಿದ ಮ್ಯಾಲ ನಮ್ಮದೇನ ಲೆಕ್ಕ ಅಂತ, ರಾತ್ರಿ ಇವ್ರ್ಯಾರೂ ಸರಿಯಾಗಿ ಉಂಡಿಲ್ಲ."

ಮೂಲೆಯಲ್ಲಿ ಯಾರೋ ಮೂಗು ಒರೆಸಿಕೊಂಡರು. ನಾನು ಹಿಟ್ಟಿನ ಚೀಲದ ಮೇಲೆ ಕುಳಿತುಬಿಟ್ಟೆ.

ವ್ಯಾಪಾರದಲ್ಲಿ ನನ್ನ ಕಿವಿ ಚುರುಕು ಎಂದು ಎಲ್ಲರೂ ಹೇಳುತ್ತಾರೆ. ಇಳಕಲ್ಲಿನ ಸೀರೆ ಅಂಗಡಿಯಲ್ಲಿ ಯಾರಾದರೂ "ನೋಡೂಣ್ರಿ" ಎಂದರೆ ಅವರು ತಿರುಗಿ ಬರುತ್ತಾರೋ ಇಲ್ಲವೋ ಎಂಬುದನ್ನು ನಾನು ಆಚೆ ಕಟ್ಟೆಯಲ್ಲಿ ಕುಳಿತು ಹೇಳಬಲ್ಲೆ. ಸೆರಗಿನ ಕಡೆ ಎರಡನೇ ಸಲ ಕಣ್ಣು ಹೋಯಿತೆಂದರೆ ಬರುತ್ತಾರೆ. ಹೀಗೆ ಪರರ ಮಾತಿನ ಒಳಗನ್ನು ಹಿಡಿಯುವವಳಿಗೆ, ಮೂಗಿನ ಮುಂದೆ ಹಣೆ ಚಾಚಿ ನಿಂತವಳ ಮಾತು ತಿಳಿಯಲಿಲ್ಲ. ಕೇಳುವ ಚಾಳಿ ನನಗೆ ವ್ಯಾಪಾರಕ್ಕಷ್ಟೇ ಇತ್ತು ಎಂದು ಕಾಣುತ್ತದೆ.

"ಯಾಕ ಬಿಟ್ಲು?" ಎಂದು ಕೇಳಿದೆ.

"ನೀವು ಮರ್ತೀರೇನ? ಮಗಳು ಚೊಚ್ಚಲ ಹೆರಿಗೀಗೆ ಬಂದಾಳ, ಒಂದ್ ವಾರ ರಜಾ ಕೊಡ್ರಿ ಅಂತ ಮೊನ್ನೆ ಕೇಳಿದ್ಲು. ಮೂರ್ ದಿನ ತಗೋ ಅಂದ್ರಿ."

ನೆನಪಾಯಿತು. ನೆನಪಾಗಿಯೂ ಅದರಲ್ಲಿ ಏನು ತಪ್ಪಾಯಿತೆಂದು ತಿಳಿಯಲಿಲ್ಲ. "ಎಲ್ಲರಿಗೂ ಹಂಗಽ ಹೇಳ್ತೇನಲ್ಲ? ನಿನಗೂ ಅಂದೇನಿ. ನೀ ಬಿಟ್ ಹೋಗೀಯೇನ?"

ಅವಳು ನಕ್ಕುಬಿಟ್ಟಳು. ಸುತ್ತಲಿದ್ದವರೂ ಸೆರಗು ಬಾಯಿಗೆ ಅಡ್ಡ ಹಿಡಿದರು.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ನಾವೆಲ್ಲಾ ಡಬಲ್ ಕೇಳ್ತೇವ್ರಿ. ನೀವು ಅರ್ಧಕ್ಕ ತರ್ತೀರಂತ ಗೊತ್ತೈತಿ. ಎರಡ್ ದಿನ ಬೇಕಾದ್ರ ನಾಕ್ ದಿನ. ಸಣ್ಣ ಜ್ವರ ಬಂದ್ರ ಮಲೇರಿಯಾ. ದೊಡ್ಡವ್ವಗ ಅದು ಬರೂದಿಲ್ರಿ. ಎಷ್ಟ್ ಬೇಕೋ ಅಷ್ಟಽ ಕೇಳ್ತಾಳ, ಅದರಾಗ ಅರ್ಧ ತಗೊಂಡು ಹೋಗ್ತಾಳ. ಮೊದಲಿಂದಲೂ ಹಂಗಽ."

ನನ್ನ ಚಾವಣಿಯ ಕೆಳಗೆ, ನನಗೆ ಗೊತ್ತಿಲ್ಲದಂತೆ, ಒಂದು ಸಂತೆ ನಡೆಯುತ್ತಿತ್ತು. ಎಲ್ಲರೂ ಬೆಲೆ ಏರಿಸಿ ಹೇಳುತ್ತಿದ್ದರು, ನಾನು ಇಳಿಸಿ ಗೆದ್ದೆನೆಂದು ಬೀಗುತ್ತಿದ್ದೆ. ಯಾರ ಜ್ವರ ಎಷ್ಟು, ಯಾರ ಕಷ್ಟ ಎಷ್ಟು, ಒಂದೂ ನನಗೆ ಸರಿಯಾಗಿ ತಿಳಿದಿರಲಿಲ್ಲ. ಆ ಆಟ ಆಡಲು ಬಾರದಿದ್ದವಳು ಒಬ್ಬಳೇ. ಅವಳ ಒಲೆಯೇ ತಣ್ಣಗಾಗಿತ್ತು.

ಆ ವಾರ ಅವಳ ಒಲೆಗೆ ಬೇರೆಯವರನ್ನು ಕೂರಿಸಿದೆ. ಬಾದಾಮಿಯಿಂದ ಖಾನಾವಳಿಯವರು ಫೋನ್ ಮಾಡಿದರು. "ಏನವಾ ತಂಗಿ, ಇವು ರೊಟ್ಟಿನೋ, ನಮ್ಮ ಗುಡ್ಡದ ಹಾಸುಗಲ್ಲೋ? ಬೆಂಗಳೂರಿಂದ ಬಂದಾಂವ ಒಬ್ಬ, ಇದನ್ನ ತಿನ್ನೂದೋ ಕೆತ್ತೂದೋ ಅಂತ ಕೇಳಾಕತ್ತಾನ." ಹಳೆಯ ಕೈ ಬರದಿದ್ದರೆ ಬೇರೆ ಕಡೆ ನೋಡಿಕೊಳ್ಳುತ್ತೇವೆ ಎಂದು, ನಗುತ್ತಲೇ, ಹೇಳಿಬಿಟ್ಟರು. ಅವರ ಮಾತು ನನಗೆ ಅಷ್ಟು ತಾಗಲಿಲ್ಲ. ಗಿರಾಕಿ ಹೋದರೆ ಇನ್ನೊಬ್ಬರನ್ನು ಹುಡುಕುವ ವಿದ್ಯೆ ನನಗೆ ಗೊತ್ತು. ದೊಡ್ಡವ್ವ ನಿಜವಾಗಿ ಹೋದರೆ ಅವಳಂಥವಳನ್ನು ಎಲ್ಲಿ ಹುಡುಕುವುದೆಂದು ಗೊತ್ತಿರಲಿಲ್ಲ. ಅವಳು ಹೋದಳೆಂದರೆ ಉಳಿದವರೂ ಒಬ್ಬೊಬ್ಬರಾಗಿ ಹಣೆ ಚಾಚಿ ನಿಲ್ಲುತ್ತಾರೆ ಎಂದು ಮಾತ್ರ ಗೊತ್ತಿತ್ತು.

ಕಮತಗಿಗೆ ಹೊರಟೆ. ಬಾಣಂತಿಗೆ ಉಂಡೆ ಕಟ್ಟಲೆಂದು ಅಂಟು, ಕೊಬ್ಬರಿ, ಉತ್ತತ್ತಿ ತೆಗೆದುಕೊಂಡೆ. ಕೂಸಿನ ತಲೆಗೆ ಒಂದು ಕುಲಾವಿ. ಕುಲಾವಿ ಮಾರುವವನ ಜೊತೆ ಚೆನ್ನಾಗಿಯೇ ಜಗ್ಗಾಡಿದೆ, ಅದನ್ನು ಮುಚ್ಚಿಡುವುದಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಚೌಕಾಸಿ ನಡೆಯಲೇಬೇಕು. ಅವನೂ ಆಟಕ್ಕೆ ಕೂತವನು, ನಾನೂ ಕೂತವಳು. ಕೆಲಸದವಳು ರಜೆ ಕೇಳಲು ಬಂದಾಗ ಆಟಕ್ಕೆ ಬಂದಿರುವುದಿಲ್ಲ ಎಂಬುದಷ್ಟೇ ನನಗೆ ಹೊಳೆದಿರದ ಸಂಗತಿ.

ಅವಳ ಮನೆಯ ಬಾಗಿಲಲ್ಲಿ ಲೋಬಾನದ ಹೊಗೆ ಹಬ್ಬಿತ್ತು. "ಅಯ್ಯ, ಅಕ್ಕಾರ! ಬರ್ರಿ, ಬರ್ರಿ. ಕುಂಡ್ರ್ರಿ ಇಲ್ಲಿ" ಎಂದು ಚಾಪೆ ಹಾಸಿದಳು. ಮುಖದಲ್ಲಿ ಸಿಟ್ಟಿನ ಸುಳಿವೇ ಇಲ್ಲ. ನಾನು ಬೈಗುಳಕ್ಕೆ ಸಿದ್ಧಳಾಗಿ ಹೋಗಿದ್ದೆ. ಹೆಣ್ಣು ಕೂಸು, ಮುಷ್ಟಿ ಬಿಗಿ ಹಿಡಿದು ಮಲಗಿತ್ತು. ಕುಲಾವಿ ದೊಡ್ಡದಾಯಿತು, ಕಣ್ಣಿನ ತನಕ ಇಳಿಯಿತು.

ಚಹಾ ಕುಡಿದ ಮೇಲೆ ಕೇಳಿದೆ. "ನನ್ನ ಮ್ಯಾಲ ಏನ ಸಿಟ್ಟವ್ವಾ ನಿನಗ?"

"ಸಿಟ್ಟಲ್ರಿ." ಅವಳು ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ನಾ ವಾರ ಅಂದೆ, ನೀವು ಮೂರ್ ದಿನ ಅಂದ್ರಿ. ಅಂದ್ರ, ಈಕಿ ಅರ್ಧಕ್ಕರ್ಧ ಸುಳ್ಳ ಹೇಳಾಕತ್ತಾಳ ಅಂತ ಆತಲ್ರಿ? ಇಷ್ಟ್ ವರ್ಷ ಹಂಗಽ ತಿಳ್ಕೊಂಡಿದ್ರೇನ ನನ್ನ?"

ಅರ್ಧಕ್ಕೆ ಇಳಿಸುವುದು ಎಂದರೆ ಎದುರಿನವರನ್ನು ಸುಳ್ಳುಬುರುಕರೆಂದು ಕರೆಯುವುದು ಎಂದು ನನಗೆ ಒಂದು ದಿನವೂ ಅನಿಸಿರಲಿಲ್ಲ. ನಾನದನ್ನು ಜಾಣತನ ಎಂದುಕೊಂಡಿದ್ದೆ. ಬಾಗಲಕೋಟೆಯ ಮೈಕಿನಲ್ಲಿ ಅದನ್ನೇ ಹೇಳಿಕೊಟ್ಟು ಬಂದಿದ್ದೆ: "ಕೇಳಿದಷ್ಟು ಕೊಡಬೇಡಿ, ಸಡಿಲ ಬಿಟ್ಟರೆ ತಲೆ ಮೇಲೆ ಕೂರುತ್ತಾರೆ." ಆ ಹೆಂಗಸರು ಅದನ್ನು ಬರೆದುಕೊಂಡಿದ್ದರು!

"ಆತವ್ವ," ಎಂದೆ. "ಈಗ ಹೇಳು. ಎಷ್ಟ್ ದಿನ ಬೇಕು ನಿನಗ?"

ಅವಳು ನನ್ನ ಮುಖ ನೋಡಲಿಲ್ಲ. ಗೋಡೆಯ ಕಡೆ ತಿರುಗಿ, ಪಾಠ ಒಪ್ಪಿಸುವ ಮಗುವಿನಂತೆ, "ಒಂದ್... ಒಂದ್ ತಿಂಗಳ್ರಿ" ಎಂದಳು.

ಮಾರುವವನು ಬೆಲೆ ಉಬ್ಬಿಸಿದಾಗ ನನಗೆ ತಿಳಿಯದೆ ಹೋದದ್ದಿಲ್ಲ. ಇವಳು ಉಬ್ಬಿಸುತ್ತಿದ್ದಳು. ದೊಡ್ಡವ್ವ! ಅದೂ ಎಷ್ಟು ಕೆಟ್ಟದಾಗಿ! ಕಿವಿಯ ತುದಿ ಕೆಂಪಾಗಿತ್ತು. ಒಳಗಿನ ಕೋಣೆಯಿಂದ ಬಾಣಂತಿ ಕಿಸಕ್ಕನೆ ನಕ್ಕಳು.

"ಯಾರ್ ಕಲಿಸಿದ್ರು ಇದನ್ನ ನಿನಗ?"

"ಇಳಕಲ್ಲಿನಾಕಿ ಪೋನ್ ಮಾಡಿದ್ಲ್ರಿ. ಅಕ್ಕಾರ ಬರಾಕತ್ತಾರ, ಈ ಸಲರ ಡಬಲ್ ಕೇಳು, ಖೋಡಿ, ಇಲ್ಲಂದ್ರ ಸಾಯೂತನಕ ಅರ್ಧದಾಗಽ ಇರ್ತಿ ಅಂದ್ಲು."

ಉಳಿದ ಆಘಾತಗಳೆಲ್ಲ ಒಂದು ತೂಕ, ಇದೊಂದೇ ಇನ್ನೊಂದು ತೂಕ. ನನ್ನಲ್ಲಿದ್ದ ಒಬ್ಬಳೇ ನೇರ ಮಾತಿನವಳು, ನಾನು ತಿದ್ದಿಕೊಳ್ಳಲು ಬಂದ ದಿನವೇ, ನನಗಾಗಿ ಸುಳ್ಳು ಕಲಿತು ಕುಳಿತಿದ್ದಳು. ನನ್ನ ನಾಲಿಗೆಯ ತುದಿಯಲ್ಲಿ "ಹದಿನೈದು ದಿನ ತಗೋ" ಎಂಬುದು ಆಗಲೇ ಬಂದು ನಿಂತಿತ್ತು. ಅದನ್ನು ನುಂಗಲು ಚಹಾದ ಕಪ್ಪನ್ನು ಮತ್ತೆ ಬಾಯಿಗಿಟ್ಟೆ. ಅದರಲ್ಲಿ ಚಹಾ ಇರಲಿಲ್ಲ.

"ಆತು. ತಿಂಗಳು ತಗೋ."

ಅವಳು ಗಾಬರಿಯಾದಳು. "ಅಲ್ರಿ... ಆತಂದ್ರ? ಪೂರ್ತಿ ತಿಂಗಳ?"

"ಪೂರ್ತಿ."

"ಅಷ್ಟ್ಯಾಕ್ರಿ? ಮುಂದಿನ ವಾರ ನನ್ನ ತಂಗಿ ಬರ್ತಾಳ. ಮನ್ಯಾಗ ಕುಂತ್ ನಾ ಏನ್ ಮಾಡ್ಲಿ?"

"ಕೂಸಿನ ಮಾರಿ ನೋಡ್ಕೋತ ಕುಂಡ್ರು."

ಮತ್ತೆ ಬರುತ್ತಾಳೋ ಇಲ್ಲವೋ ಎಂದು ಕೇಳುವ ಧೈರ್ಯ ಬರಲಿಲ್ಲ. ಹೊರಟು ನಿಂತಾಗ ಅವಳೇ ಬಟ್ಟಲು ತಂದು ನನ್ನ ಹಣೆಗೆ ಕುಂಕುಮ ಹಚ್ಚಿದಳು. "ಬರ್ತೇನವ್ವಾ" ಎಂದೆ. "ಹೂಂನ್ರಿ, ಬರ್ರಿ" ಎಂದಳು. ಅಷ್ಟೇ. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು, ಇದು ಬೀಳ್ಕೊಡುಗೆಯೋ ಬರೀ ಮರ್ಯಾದೆಯೋ ಎಂದು ಹುನಗುಂದದ ತನಕ ಯೋಚಿಸಿದೆ.

ಮಾರನೆಯ ದಿನದಿಂದ ನನ್ನಲ್ಲಿ ರಜೆಗೆ ಚೌಕಾಸಿ ನಿಂತಿತು. ಇದನ್ನು ಓದಿ ಯಾರಾದರೂ ಹಾಗೆ ಮಾಡುವುದಾದರೆ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ: ಮೊದಲು ಏಟು ಬೀಳುತ್ತದೆ. ಎಲ್ಲರೂ ಹಳೆಯ ರೂಢಿಯಂತೆ ಡಬಲ್ ಕೇಳಿದರು, ನಾನು ಕೇಳಿದಷ್ಟೂ ಕೊಟ್ಟೆ. ಒಲೆಗಳು ಖಾಲಿಯಾದವು. ನಾನೇ ಸೆರಗು ಸಿಕ್ಕಿಸಿ ರೊಟ್ಟಿ ಬಡಿಯಲು ಕುಳಿತೆ, ಅಂಗೈ ಬೊಬ್ಬೆ ಎದ್ದಿತು. ಆದರೂ ಯಾರ ಜೊತೆಗೂ ಜಗ್ಗಾಡಲಿಲ್ಲ. ನಾಲ್ಕು ದಿನ ರಜೆ ಪಡೆದು ಹೋಗಿದ್ದ ಇಳಕಲ್ಲಿನವಳು ಎರಡೇ ದಿನಕ್ಕೆ ಬಂದು ಬಾಗಿಲಲ್ಲಿ ನಿಂತಳು.

"ಏನಾತು? ಇನ್ನೂ ರಜಾ ಐತಲ್ಲ?"

"ಏನ್ರಿ ಅಕ್ಕಾರ ನೀವು, ಜಗ್ಗಾಡ್ಲೇ ಇಲ್ಲ!" ಅವಳ ದನಿಯಲ್ಲಿ ಖರೆಯೇ ಸಿಟ್ಟಿತ್ತು. "ತವರಿಗೆ ಹೋದ್ರ ನಮ್ಮವ್ವ, ಯಾಕವ್ವಾ ಇಷ್ಟ ದಿನ ಬಂದಿ, ಗಂಡನ ಜೋಡಿ ಜಗಳ ಆಡಿ ಬಂದೀಯೇನ ಅಂತ ಕೇಳಾಕತ್ಲು. ಸರೀರಿ ಅತ್ತಾಗ, ನೀವು ಬಡ್ಯೂ ರೊಟ್ಟಿ ನೋಡಿದ್ರ ಬಾದಾಮಿಯವ್ರು ಪೊಲೀಸ್ರಿಗೆ ಹೇಳ್ತಾರ."

ಅಂದಿನಿಂದ ಕೇಳುವ ದಿನಗಳು ತಾವಾಗಿಯೇ ಕಡಿಮೆಯಾದವು. ಮಲೇರಿಯಾ ಹೋಗಿ ಸಣ್ಣ ಜ್ವರ ಬಂತು.

ದೊಡ್ಡವ್ವ ತಿಂಗಳು ತುಂಬುವ ತನಕ ಕಾಯಲಿಲ್ಲ. ಅವಳ ತಂಗಿ ಬಂದ ವಾರದಲ್ಲೇ, ಮೊದಲ ಬಸ್ಸಿಗೆ ಬಂದು, ಏನೂ ಆಗದವಳಂತೆ ಒಲೆ ಹಚ್ಚಿದಳು. ನಾನು ಬಡಿದಿಟ್ಟ ರೊಟ್ಟಿಯೊಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಅದರ ಆಚೆ ಬೆರಳಿರಲಿ, ಕಿಟಕಿಯೇ ಕಾಣಲಿಲ್ಲ. ಅದನ್ನು ಪಕ್ಕಕ್ಕಿಟ್ಟಳು. ಉಳಿದವರು ಬಿದ್ದು ಬಿದ್ದು ನಕ್ಕರು.

ಆ ಸಂಜೆ ಕೆಲಸ ಮುಗಿಯುವ ಹೊತ್ತಿಗೆ ಜೋಳದ ವ್ಯಾಪಾರಿಯ ಫೋನ್ ಬಂತು. ನಾನು ಎತ್ತಲಿಲ್ಲ. ಅವಳು ಕೈ ತೊಳೆದಳು, ಬುತ್ತಿಯ ಚೀಲ ತೆಗೆದುಕೊಂಡಳು, ದೇವರ ಗೂಡಿನ ಮುಂದಿನಿಂದಲೇ ಹಾದು ಹೋದಳು. ನನ್ನ ಕಣ್ಣು ಕುಂಕುಮದ ಬಟ್ಟಲ ಮೇಲೆಯೇ ಇತ್ತು. ಅವಳು ಆ ಕಡೆ ನೋಡಲಿಲ್ಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ, ಬೆನ್ನು ತಿರುಗಿಸಿಕೊಂಡೇ, "ಬರ್ತೇನ್ರಿ" ಎಂದಳು.