ಆಫ್ರಿಕಾ ಹಾಡಿನ ಮೇಷ್ಟ್ರು

ತುಮಕೂರಿನ ನಮ್ ಚರ್ಚಲ್ಲಿ ಹಾಡು ಕಲ್ಸೋ ಮೇಷ್ಟ್ರೊಬ್ರಿದ್ರು. ಒಂದ್ಸಲ ಕ್ರಿಸ್‌ಮಸ್‌ಗೆ ಆಫ್ರಿಕಾ ಹಾಡು ತಂದ್ರು. ಅವ್ರು ಒಂದು ಸಾಲು ಹೇಳಿದ್ರೆ ಕೂತಿರೋ ಜನ ತಿರುಗಿ ಹೇಳ್ಬೇಕು. ಕೆಟ್ಟೋದ್ರೆ ಮುಂದಿನ್ವರ್ಷ ಹಳೇ ಹಾಡೇ ಅಂದಿದ್ರು ಪಾದ್ರಿ.

"ನಾಚ್ಕೋಬೇಡ್ರೋ, ಮೈ ಆಡ್ಸಿ" ಅಂತ ಮೇಷ್ಟ್ರು ದಿನಾ ಹಾಡೋ ಗುಂಪಲ್ಲಿದ್ದ ನಮ್ಗೆ ಬೈಯೋರು. ತಾವು ಮಾತ್ರ ಲೈಟ್ ಕಂಬ.

ಹಬ್ಬದ ದಿನ ಮೇಷ್ಟ್ರು ಸಾಲು ಹೇಳಿದ್ರು. ಮುಂದೆ ಹಾಡೋವಾಗ ಕೂತೋರು ಬಾಯ್ ಬುಡ್ಬಾರ್ದು ಅಂದ್ಕೊಂಡು ಜನ ಕೈ ಕಟ್ಕೊಂಡು ಕೂತಿದ್ರು. ಮೇಷ್ಟ್ರು ಬೆವೆತೋದ್ರು. ಇನ್ನೊಂದ್ಸಲ ಹೇಳಿದ್ರು. ಆಗ ಕುಣಿಗಲ್‌ನಿಂದ ಬಂದಿದ್ದ ಅವ್ರವ್ವ ಎದ್ದು ಗಟ್ಟಿಯಾಗಿ ತಿರುಗಿ ಹೇಳೇಬಿಡ್ತು.

"ಯಾಕ್ರವ್ವಾ ಸುಮ್ನೆ ಕುಂತಿದೀರಾ? ಮದ್ವೇಲಿ ಒಬ್ರು ಸೋಬಾನೆ ಅಂದ್ರೆ ಎಲ್ರೂ ಅನ್ನಲ್ವಾ? ಹಂಗೇ ಅನ್ರಿ!"

ಹೆಂಗಸ್ರು ಶುರು ಹಚ್ಕೊಂಡ್ರು. ಹಿಂದೇನೇ ಗಂಡಸ್ರು. ಪಾದ್ರೀನೂ ಚಪ್ಪಾಳೆ ತಟ್ಟಿದ್ರು.

ಆವಮ್ಮ ಮಗನ ಕಡೆ ತಿರುಗ್ತು. "ಕಂಬದಂಗೆ ನಿಂತಿದೀಯಲ್ಲೋ, ಮೈ ಆಡ್ಸ್ಲಾ!"

ಮೇಷ್ಟ್ರು ಒಂದು ಭುಜ ಆಡ್ಸಿದ್ರು.